ಸಾವಿರ ಪಟ್ಟು ನೀಲಿ ಬೆಳಕು

ಮಾಟುಂಗದ ಕನ್ನಡ ಸಂಘವೊಂದರವರು ಈಚೆಗೆ ವಿಜ್ಞಾನ ಓದುತ್ತಿರುವ ಮಕ್ಕಳಿಗೆ ನಾಲ್ಕು ಮಾತು ಹೇಳಿ ಎಂದು ನನ್ನನ್ನು ಕರೆದಿದ್ದರು. ಕಾರ್ಯದರ್ಶಿಗಳು ನಾನು ಏರಿದ ಹುದ್ದೆಗಳನ್ನೆಲ್ಲ ಒಂದೂ ಬಿಡದೆ ಓದಿದರು. ಅದು ಮುಗಿಯುವ ಹೊತ್ತಿಗೆ ನನ್ನ ಪಾಲಿನ ಸಮಯ ಅರ್ಧ ಖರ್ಚಾಗಿತ್ತು. ಉಳಿದರ್ಧದಲ್ಲಿ ಎಲ್ಲರೂ ಹೇಳುವಂತೆ ಕುತೂಹಲ ಇರಲಿ, ತಾಳ್ಮೆ ಇರಲಿ ಎಂದು ಹೇಳಿದೆ, ಚಪ್ಪಾಳೆ ಬಿತ್ತು. ದಹಿಸರ್‌ಗೆ ಹಿಂತಿರುಗುವ ಲೋಕಲ್‌ನಲ್ಲಿ ಕೂತಾಗ ಸಿಟ್ಟು ಬಂತು. ಪ್ರಯೋಗಾಲಯಕ್ಕೆ ಕಾಲಿಡುವ ಹುಡುಗ ಹುಡುಗಿಯರಿಗೆ ಬೇಕಾದದ್ದು ಆ ಮಾತುಗಳಲ್ಲ. ಅಲ್ಲಿ ನಿಜವಾಗಿ ಏನು ನಡೆಯುತ್ತದೆ, ಎಂಥವರ ಕೈಕೆಳಗೆ ಕೆಲಸ ಮಾಡಬೇಕಾಗುತ್ತದೆ, ಅದನ್ನು ಯಾರಾದರೂ ಹೇಳಬೇಕು. ಹುದ್ದೆಗಳ ವಿಷಯವನ್ನು ಕಾರ್ಯದರ್ಶಿಗಳಿಗೇ ಬಿಟ್ಟು, ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ.

ನಾನು ಧಾರವಾಡದಲ್ಲಿ ಭೌತಶಾಸ್ತ್ರ ಓದಿ ಮುಂಬೈಗೆ ಬಂದವಳು. ಈ ಊರಿನ ಪೂರ್ವದ ಉಪನಗರದಲ್ಲಿರುವ ಒಂದು ಸಂಶೋಧನಾ ಸಂಸ್ಥೆಯ ಲೇಸರ್ ವಿಭಾಗದಲ್ಲಿ ಇಡೀ ಆಯುಷ್ಯ ಕಳೆದೆ. ದಿನವೂ ದಹಿಸರ್‌ನಿಂದ ಹೆಂಗಸರ ಡಬ್ಬಿಯಲ್ಲಿ ನಿಂತು ದಾದರ್ ತಲುಪಿ, ಸೇತುವೆ ಹತ್ತಿಳಿದು ಇನ್ನೊಂದು ಗಾಡಿ ಹಿಡಿದು, ಕೊನೆಗೆ ಕಿಟಕಿಯಿಲ್ಲದ ಒಂದು ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು. ಹೊರಗೆ ಮಳೆಯೋ ಬಿಸಿಲೋ ಸಂಜೆಯವರೆಗೆ ಗೊತ್ತಾಗುತ್ತಿರಲಿಲ್ಲ. ಕೋಣೆಯ ನಡುವೆ ಅಲುಗಾಡದ ಒಂದು ದೊಡ್ಡ ಮೇಜು, ಅದರ ಮೇಲೆ ಲೇಸರ್, ಕನ್ನಡಿಗಳು, ಮಸೂರಗಳು, ಸುತ್ತ ಕಪ್ಪು ಪರದೆ.

ಕೆಲಸ ಏನೆಂದರೆ, ಬೆಳಕು ತನ್ನ ಬಣ್ಣ ಬದಲಿಸುವುದನ್ನು ಅಳೆಯುವುದು. ಕಣ್ಣಿಗೆ ಕಂಡೂ ಕಾಣದಷ್ಟು ಕಡುಕೆಂಪು ಬೆಳಕನ್ನು ಬಹಳ ಜೋರಾಗಿ ಕೆಲವು ವಸ್ತುಗಳ ಮೇಲೆ ಬಿಟ್ಟರೆ, ಬೆಳಕಿನ ಎರಡು ಕೆಂಪು ಕಣಗಳು ಕೂಡಿ ಒಂದು ನೀಲಿ ಕಣವಾಗಿ ಹೊರಬರುತ್ತವೆ. ಎಲ್ಲ ವಸ್ತುವಿನಿಂದಲೂ ಹೀಗೆ ಬರುವುದಿಲ್ಲ. ಬರುವುದೂ ಎಷ್ಟು ಕಡಿಮೆಯೆಂದರೆ ಅದನ್ನು ಎಣಿಸಲು ಡಿಟೆಕ್ಟರ್ ಬೇಕು, ಕಣ್ಣು ಸಾಲದು. ಇಷ್ಟು ತಿಳಿದರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ನಾನು ಸೇರಿದಾಗ ಇದ್ದ ಮುಖ್ಯಸ್ಥರು ಸಭ್ಯರು, ಆದರೆ ತಮ್ಮ ಪ್ರಯೋಗ ತಪ್ಪಾಗಿರಬಹುದೆಂಬ ಅನುಮಾನವೇ ಅವರ ಬಳಿ ಸುಳಿಯುತ್ತಿರಲಿಲ್ಲ. ಒಮ್ಮೆ ಒಂದು ಹೊಸ ಹರಳಿನಿಂದ ಬೆಳಕು ಬರುತ್ತಿದೆಯೆಂದು ವಿಭಾಗಕ್ಕೆಲ್ಲ ಪೇಢೆ ಹಂಚಿದರು. ಲೇಸರ್ ಶಕ್ತಿಯನ್ನು ಅರ್ಧಕ್ಕೆ ಇಳಿಸಿದರೂ ಆ ಬೆಳಕು ಕಡಿಮೆಯಾಗುತ್ತಿರಲಿಲ್ಲ. ಅದಕ್ಕೂ ಅವರ ಬಳಿ ಸಿದ್ಧಾಂತ ತಯಾರಿತ್ತು, ಹರಳು ತುಂಬಿ ಹೋಗಿದೆ, ಇನ್ನು ಹೆಚ್ಚು ಹೀರಿಕೊಳ್ಳುವುದಿಲ್ಲ ಎಂದು ಬೋರ್ಡಿನ ತುಂಬ ಬರೆದರು. ಲೇಸರ್ ಪೂರ್ತಿ ಬಂದ್ ಮಾಡಿ ನೋಡೋಣ ಸರ್ ಎಂದಿದ್ದಕ್ಕೆ ಬೇಸರಪಟ್ಟುಕೊಂಡರು. ಬಂದ್ ಮಾಡಿದೆವು. ಬೆಳಕು ಹಾಗೇ ಬರುತ್ತಿತ್ತು. ಪರದೆಯ ಹಿಂದೆ ಒಂದು ಮೋಟರ್ ಪೆಟ್ಟಿಗೆಯ ಮೇಲೆ ಸಾಸಿವೆಯಷ್ಟು ದೊಡ್ಡ ಹಸಿರು ದೀಪ ಉರಿಯುತ್ತಿತ್ತು, ಡಿಟೆಕ್ಟರ್ ಅದನ್ನೇ ಎಣಿಸುತ್ತಿತ್ತು. ಮುಖ್ಯಸ್ಥರು ಬೋರ್ಡ್ ಒರೆಸಿ, ಪರವಾಗಿಲ್ಲ, ಕೋಣೆಯ ಹಿನ್ನೆಲೆ ಬೆಳಕನ್ನು ಅಳೆದಂತಾಯಿತು ಎಂದರು. ಪೇಢೆಯನ್ನು ಯಾರೂ ಹಿಂದಕ್ಕೆ ಕೊಡಲಿಲ್ಲ.

ಆ ಕಾಲದಲ್ಲಿ ಲೇಸರನ್ನು ನಾವೇ ಕೈಯಿಂದ ಹೊಂದಿಸುತ್ತಿದ್ದೆವು. ಬಣ್ಣದ ದ್ರಾವಣ ತುಂಬಿಸಿ ಬೆರಳೆಲ್ಲ ಕಿತ್ತಳೆಯಾಗುತ್ತಿತ್ತು, ಲೋಕಲ್‌ನಲ್ಲಿ ಪಕ್ಕದವರು ಮೆಹಂದಿಯೇ ಎಂದು ಕೇಳುತ್ತಿದ್ದರು. ಕಿರಣ ಎಲ್ಲಿ ಹೋಗುತ್ತಿದೆ ಎಂದು ಬಿಳಿ ಕಾರ್ಡ್ ಹಿಡಿದು ಕನ್ನಡಿಯಿಂದ ಕನ್ನಡಿಗೆ ಹುಡುಕಬೇಕಿತ್ತು. ಈಗಿನ ಲೇಸರ್ ಮುಚ್ಚಿದ ಪೆಟ್ಟಿಗೆ, ಗುಂಡಿ ಒತ್ತಿದರೆ ಬರುತ್ತದೆ, ಬಾರದಿದ್ದರೆ ಕಂಪನಿಯ ಇಂಜಿನಿಯರ್ ಬರುತ್ತಾನೆ. ಇದು ಒಳ್ಳೆಯದೇ, ನನಗೆ ಹಳೆಯದರ ಮೇಲೆ ಮಮತೆಯಿಲ್ಲ. ತೊಂದರೆ ಬೇರೆ ಕಡೆ ಇದೆ. ಕಂಪ್ಯೂಟರ್ ಪರದೆಯ ಮೇಲೆ ಗ್ರಾಫ್ ಚೆನ್ನಾಗಿ ಬಂದರೆ ಸಾಕು, ಅದು ಯಾವ ಬೆಳಕಿನ ಗ್ರಾಫ್ ಎಂದು ಕೇಳುವವರು ಈಗ ಕಡಿಮೆ.

ಡಾ. ಇನಾಮದಾರ ಅವರು ವಿಭಾಗದ ಮುಖ್ಯಸ್ಥರಾದಾಗ ಜಗತ್ತಿಗೆ ಹಾಳೆಗಳ ಹುಚ್ಚು ಹಿಡಿದಿತ್ತು. ಒಂದೇ ಪದರದಷ್ಟು, ಕೆಲವೇ ಪರಮಾಣುಗಳಷ್ಟು ದಪ್ಪದ ಹಾಳೆಗಳು. ಗ್ಯಾರೇಜಿನಲ್ಲಿ ಗ್ರೀಸಿಗೆ ಬೆರೆಸುವ ಕಪ್ಪು ಖನಿಜವೊಂದಿದೆ, ಮಾಲಿಬ್ಡಿನಮ್ಮೂ ಗಂಧಕವೂ ಸೇರಿದ್ದು. ಅದರ ಹರಳಿಗೆ ಸೆಲೋಟೇಪ್ ಅಂಟಿಸಿ ಕಿತ್ತು, ಮತ್ತೆ ಅಂಟಿಸಿ ಕಿತ್ತು, ಕೊನೆಗೆ ಒಂದೇ ಪದರ ಉಳಿಯುವಂತೆ ಮಾಡಿದರೆ ಅದು ಕೆಂಪನ್ನು ನೀಲಿಯಾಗಿಸುತ್ತದೆ. ಎರಡು ಪದರ ಉಳಿದರೆ ಒಂದರ ಬೆಳಕನ್ನು ಇನ್ನೊಂದು ಅಳಿಸಿಹಾಕುತ್ತದೆ, ಏನೂ ಬರುವುದಿಲ್ಲ. ನಿಜವಾಗಿ ಸೊಗಸಾದ ವಿಷಯ. ಆದರೆ ಇನಾಮದಾರರಿಗೆ ಸೊಗಸು ಮುಖ್ಯವಾಗಿರಲಿಲ್ಲ. ಅಲ್ಲಿಯವರೆಗೆ ನಡೆಯುತ್ತಿದ್ದ ಕೆಲಸಗಳನ್ನೆಲ್ಲ ಒಂದು ಸೋಮವಾರದ ಸಭೆಯಲ್ಲಿ ನಿಲ್ಲಿಸಿದರು.

"ಜಗತ್ತು ಎಲ್ಲಿಗೆ ಹೋಗ್ಲಿಕತ್ತದ ನೋಡ್ರಿ. ನಾವಿನ್ನೂ ಹರಳು ಉಜ್ಜಿಕೋತ ಕೂತರ ಹೆಂಗ?" ಎಂದರು.

ಅವರು ಬೆಳಗಾವಿಯವರು. ನನ್ನ ಜೊತೆ ಮಾತ್ರ ಕನ್ನಡ ಆಡುತ್ತಿದ್ದರು. ಅದು ಆತ್ಮೀಯತೆ ಎಂದು ಮೊದಮೊದಲು ಭಾವಿಸಿದ್ದೆ. ವಿಭಾಗದಲ್ಲಿ ಗಂಡಸರೆಲ್ಲ ಅವರ ಬಾಯಲ್ಲಿ ಡಾಕ್ಟರ್ ಇಂಥವರು, ನಾನು ವಿಮಲಾಬಾಯಿ. ಮುಂಬೈಯಲ್ಲಿ ಬಾಯಿ ಎಂದರೆ ಪಾತ್ರೆ ತೊಳೆಯಲು ಬರುವವಳು ಎಂಬುದೂ ಅವರಿಗೆ ಗೊತ್ತಿತ್ತು. ಆ ಬಾಯಿಗಳು ಮಾಡುವ ಕೆಲಸ ನಮ್ಮ ವಿಭಾಗದ ಎಷ್ಟೋ ಕೆಲಸಕ್ಕಿಂತ ಸ್ವಚ್ಛವಾಗಿರುತ್ತದಾದ್ದರಿಂದ ನಾನು ತಿದ್ದಲು ಹೋಗಲಿಲ್ಲ.

ಹಾಳೆಯ ಬೆಳಕು ಕಡಿಮೆ, ಅದನ್ನು ಹೆಚ್ಚಿಸಬೇಕು. ಅದಕ್ಕೆ ಚಿನ್ನ. ಗಾಜಿನ ಮೇಲೆ ಅತಿ ಸಣ್ಣ ಪ್ಲಾಸ್ಟಿಕ್ ಗೋಲಿಗಳನ್ನು ಒತ್ತಾಗಿ ಹರಡಿ, ಮೇಲಿಂದ ಚಿನ್ನದ ಆವಿ ಬಿಟ್ಟು, ಆಮೇಲೆ ಗೋಲಿಗಳನ್ನು ತೊಳೆದುಹಾಕಿದರೆ ಗೋಲಿಗಳ ಸಂದಿನಲ್ಲಿ ಬಿದ್ದ ಚಿನ್ನ ಪುಟ್ಟ ಪುಟ್ಟ ತ್ರಿಕೋನಗಳಾಗಿ ಉಳಿಯುತ್ತದೆ. ಅಷ್ಟು ಸಣ್ಣ ಚಿನ್ನದ ಮೊನೆಯ ಬಳಿ ಬೆಳಕು ಒತ್ತರಿಸಿಕೊಂಡು ಜೋರಾಗುತ್ತದೆ. ಆ ತ್ರಿಕೋನಗಳ ಮೇಲೆ ಹಾಳೆಯನ್ನು ಹೊದಿಸಿದರೆ ಹಾಳೆಯಿಂದ ಬರುವ ನೀಲಿಯೂ ಹೆಚ್ಚಾಗಬೇಕು. ಇದು ಯೋಜನೆ.

ಹಾಳೆ ಹೊದಿಸುವ ಕೆಲಸ ಸವಿತಾ ತಳವಾರ್ ಎಂಬ ಸಂಶೋಧನಾ ವಿದ್ಯಾರ್ಥಿನಿಯದು. ಅವಳ ತಂದೆ ವಿಜಯಪುರದ ಕಡೆಯವರು, ಪರೇಲಿನಲ್ಲಿ ಮಿಲ್ಲುಗಳಿದ್ದ ಜಾಗದಲ್ಲಿ ಎದ್ದ ಟವರ್‌ಗಳಿಗೆ ಟೈಲ್ಸ್ ಕೂರಿಸುವ ಮೇಸ್ತ್ರಿ. ಅವಳು ಹುಟ್ಟಿದ್ದು ಬೆಳೆದದ್ದು ಅಲ್ಲಿಯದೇ ಚಾಳಿನ ಒಂಟಿ ಕೋಣೆಯಲ್ಲಿ. ಕನ್ನಡ ಅರ್ಥವಾಗುತ್ತಿತ್ತು, ಆಡುವಾಗ ಅರ್ಧ ದಾರಿಯಲ್ಲಿ ಹಿಂದಿಗೆ ಇಳಿಯುತ್ತಿದ್ದಳು. ಅವಳ ಗೈಡ್ ಇನಾಮದಾರರು. ಲೇಸರ್ ಕೋಣೆಯ ಉಸ್ತುವಾರಿ ನನ್ನದು, ಆದ್ದರಿಂದ ಅಳತೆ ಕಲಿಸುವುದು ನನ್ನ ಪಾಲಿಗೆ ಬಂತು. ಅವಳಿಗೆ ಕಲಿಸುವುದು ಕಷ್ಟವಿರಲಿಲ್ಲ. ಕೇಳಿದ್ದನ್ನೇ ಮತ್ತೆ ಕೇಳಲು ನಾಚುತ್ತಿರಲಿಲ್ಲ, ಅರ್ಥವಾಗದಿದ್ದರೆ ತಲೆಯಾಡಿಸುತ್ತಿರಲಿಲ್ಲ. ಈ ಎರಡು ಗುಣಕ್ಕೆ ನಮ್ಮ ಸಂಸ್ಥೆಯಲ್ಲಿ ಯಾವ ಪ್ರಶಸ್ತಿಯೂ ಇಲ್ಲ.

ಬೆಳಕು ಬಂತು, ನಿರೀಕ್ಷಿಸಿದ್ದಕ್ಕಿಂತ ಬಹಳ ಜೋರಾಗಿ. ಬರಿ ಗಾಜಿನ ಮೇಲಿದ್ದ ಹಾಳೆಗಿಂತ ಚಿನ್ನದ ಮೇಲಿದ್ದ ಹಾಳೆಯಿಂದ ಎಷ್ಟೋ ಪಟ್ಟು ಹೆಚ್ಚು ಎಣಿಕೆ. ಇನಾಮದಾರರಿಗೆ ಅದೂ ಸಾಲಲಿಲ್ಲ. ಬೆಳಕು ಜೋರಾಗುವುದು ತ್ರಿಕೋನದ ಮೊನೆಯಲ್ಲಿ ಮಾತ್ರ, ಮೊನೆಗಳ ಒಟ್ಟು ಜಾಗ ತೀರ ಸಣ್ಣದು, ಆದ್ದರಿಂದ ಬಂದ ಹೆಚ್ಚಳವನ್ನು ಆ ಸಣ್ಣ ಜಾಗದಿಂದ ಭಾಗಿಸಬೇಕು ಎಂದರು. ಭಾಗಿಸಿದರೆ ಸಂಖ್ಯೆ ಸಾವಿರ ದಾಟಿತು. ಇಡೀ ಬಿಲ್ಡಿಂಗಿಗೆ ಬಂದ ನೀರೆಲ್ಲ ಒಂದೇ ನಲ್ಲಿಯಿಂದ ಸುರಿಯಿತೆಂದು ಲೆಕ್ಕ ಹಾಕಿ ಆ ನಲ್ಲಿಯನ್ನು ಜಲಪಾತ ಎಂದು ಕರೆದಂತೆ. ಈ ಭಾಗಾಕಾರ ಮಾಡುವವರು ಅವರೊಬ್ಬರೇ ಅಲ್ಲ, ಈ ಕ್ಷೇತ್ರದಲ್ಲಿ ಅದೊಂದು ಸಂಪ್ರದಾಯ. ನೀವು ಯಾವ ಪ್ರಬಂಧದಲ್ಲಾದರೂ ಭಾರಿ ಪಟ್ಟು ಕಂಡರೆ ಮೊದಲು ಯಾವುದನ್ನು ಯಾವುದರಿಂದ ಭಾಗಿಸಿದ್ದಾರೆ ಎಂದು ನೋಡಿ.

ಪ್ರಬಂಧ ಒಳ್ಳೆಯ ವಿಜ್ಞಾನ ಪತ್ರಿಕೆಯೊಂದಕ್ಕೆ ಹೋಯಿತು, ಸ್ವೀಕಾರವೂ ಆಯಿತು. ಸಾವಿರ ಪಟ್ಟು ಎಂಬುದು ಶೀರ್ಷಿಕೆಯಲ್ಲೇ ಇತ್ತು. ಇನ್ನು ಮುಂದೆ ಫೋನ್‌ಗಳು ವಿದ್ಯುತ್ತಿನ ಬದಲು ಬೆಳಕಿನಿಂದ ಓಡುತ್ತವೆ ಎಂದು ಪೇಪರಿನವರು ಬರೆದರು. ಹಾಗೆಂದು ಅವರಿಗೆ ಹೇಳಿದವರು ಯಾರೆಂದು ಊಹಿಸಲು ಭೌತಶಾಸ್ತ್ರ ಬೇಕಿಲ್ಲ.

ಅದಾದ ಮೇಲೆ ದೆಹಲಿಯಿಂದ ಒಬ್ಬ ದೊಡ್ಡ ಅಧಿಕಾರಿ ನೋಡಲು ಬರುತ್ತಾರೆಂದು ಗೊತ್ತಾಯಿತು. ಅವರು ಮೆಚ್ಚಿದರೆ ನಮ್ಮ ವಿಭಾಗ ಒಂದು ರಾಷ್ಟ್ರೀಯ ಕೇಂದ್ರವಾಗುತ್ತದೆ, ಇನಾಮದಾರರು ಅದರ ನಿರ್ದೇಶಕರಾಗುತ್ತಾರೆ. ಹಿಂದಿನ ದಿನ ಇನಾಮದಾರರು ಲೇಸರ್ ಕೋಣೆಗೆ ಬಂದರು. ಅವರು ಅಲ್ಲಿಗೆ ಬರುವುದು ಅಪರೂಪ.

"ಅವರಿಗೆ ನೀಲಿ ಬೆಳಕು ಕಾಣಬೇಕಲ್ಲ," ಎಂದರು.

"ಕಾಣಂಗಿಲ್ರಿ. ಡಿಟೆಕ್ಟರ್‌ಗೇ ಕಷ್ಟಪಟ್ಟು ಕಾಣತದ. ಗ್ರಾಫ್ ತೋರಿಸೋಣ."

"ಗ್ರಾಫ್ ನೋಡ್ಲಿಕ್ಕೆ ದಿಲ್ಲಿಯಿಂದ ಬರ್ತಾರೇನ್ರಿ ಯಾರರ?"

ಮರುದಿನ ಮೇಜಿನ ಮೂಲೆಯಲ್ಲಿ, ಒಂದು ಗಾಜಿನ ಚೂರಿನ ಹಿಂದೆ, ಪಾಠ ಹೇಳುವಾಗ ಬಳಸುವ ನೀಲಿ ಲೇಸರ್ ಪಾಯಿಂಟರ್ ಇತ್ತು. ಎಲ್ಲಿಂದ ತರಿಸಿದರೋ ತಿಳಿಯದು. ಅಧಿಕಾರಿಗಳು ಕತ್ತಲೆಯಲ್ಲಿ ನಿಂತರು, ಇನಾಮದಾರರು ಗುಂಡಿ ಒತ್ತಿದರು, ಗೋಡೆಯ ಮೇಲೆ ನೀಲಿ ಚುಕ್ಕೆ ಮೂಡಿತು. ಅಧಿಕಾರಿಗಳು ಅದ್ಭುತ ಎಂದರು, ಜೊತೆಯವರು ಚಪ್ಪಾಳೆ ತಟ್ಟಿದರು. ಇದು ಹಾಳೆಯಿಂದ ಬಂದ ಬೆಳಕು ಎಂದು ಇನಾಮದಾರರು ಬಾಯಿಬಿಟ್ಟು ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ಸವಿತಾ ನನ್ನ ಪಕ್ಕದಲ್ಲಿ ನಿಂತಿದ್ದಳು. ದೀಪ ಹಾಕಿದ ಮೇಲೆ ಮೆಲ್ಲಗೆ, "ಮ್ಯಾಡಮ್, ಯೇ ತೋ ಸ್ಟೇಷನ್ ಹೊರಗ ಮಾರ್ತಾರ," ಎಂದಳು. ನಗು ತಡೆಯಲು ನಾನು ಕೆಮ್ಮಬೇಕಾಯಿತು. ಅವಳು ನಗುತ್ತಿರಲಿಲ್ಲ.

ಬಹುಶಃ ಆ ಪಾಯಿಂಟರೇ ಅವಳ ತಲೆಯಲ್ಲಿ ಅನುಮಾನದ ಬೀಜ ಹಾಕಿತು. ಕೆಲವು ವಾರಗಳ ನಂತರ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿದ್ದಾಗ ಬಂದು ಎದುರಿಗೆ ಕೂತಳು.

"ಮ್ಯಾಡಮ್, ಕುಛ್ ಗಡ್‌ಬಡ್ ಐತಿ."

"ಏನಾತು?"

"ಹಾಳೆ ಹರಿದಿರೋ ಜಾಗಾ ನೋಡಿದೆ. ಅಲ್ಲಿ ಬರೀ ಚಿನ್ನ ಐತಿ, ಹಾಳೆ ಇಲ್ಲ. ಅಲ್ಲೇ ಸಿಗ್ನಲ್ ಸಬ್ ಸೇ ಜ್ಯಾದಾ."

ನಾವಿಬ್ಬರೂ ಚಹಾ ಅಲ್ಲೇ ಬಿಟ್ಟು ಹೋದೆವು. ಅಲ್ಲಿಯವರೆಗೆ ಎಲ್ಲ ಅಳತೆಯನ್ನೂ ಒಂದು ಅಗಲವಾದ ನೀಲಿ ಫಿಲ್ಟರ್ ಇಟ್ಟು ಮಾಡಲಾಗಿತ್ತು. ಆ ಸುತ್ತಿನ ಯಾವ ಬಣ್ಣ ಬಂದರೂ ಡಿಟೆಕ್ಟರ್ ಎಣಿಸುತ್ತಿತ್ತು. ಬಣ್ಣಗಳನ್ನು ಬಿಡಿಸಿ ತೋರಿಸುವ ಯಂತ್ರ ರಿಪೇರಿಗೆ ಹೋಗಿತ್ತು, ಬರುವವರೆಗೆ ಕಾಯೋಣ ಎಂದರೆ ಇನಾಮದಾರರು ಕೇಳಿರಲಿಲ್ಲ. ಈಗ ಯಂತ್ರ ಬಂದಿತ್ತು. ಹಾಳೆಯಿಂದ ಬರುವ ಬೆಳಕಾಗಿದ್ದರೆ ಗ್ರಾಫಿನಲ್ಲಿ ಒಂದೇ ಕಡೆ ಸೂಜಿಯಂತೆ ನಿಲ್ಲಬೇಕು, ಕೆಂಪಿನ ಸರಿಯಾಗಿ ಅರ್ಧ ಅಲೆಯುದ್ದದಲ್ಲಿ. ನಮಗೆ ಕಂಡದ್ದು ಅಗಲವಾಗಿ ಮಲಗಿದ ಗುಡ್ಡ. ಅದರ ಒಂದು ಬದಿಯಲ್ಲಿ, ಕಣ್ಣು ಕಿರಿದು ಮಾಡಿ ನೋಡಿದರೆ, ಒಂದು ಸಣ್ಣ ಸೂಜಿ. ಗುಡ್ಡ ಚಿನ್ನದ್ದು. ಜೋರಾದ ಲೇಸರ್ ಬಿದ್ದರೆ ಒರಟು ಚಿನ್ನ ತಾನೇ ಮಿನುಗುತ್ತದೆ, ಇದು ಪುಸ್ತಕಗಳಲ್ಲಿ ಇರುವ ವಿಷಯ. ಸಾವಿರ ಪಟ್ಟಿನ ಬಹುಪಾಲು ಆ ಗುಡ್ಡ.

ಸವಿತಾ ಲೇಸರ್ ಬಂದ್ ಮಾಡಿದಳು. ಆಮೇಲೆ, "ನನ್ನ ಥೀಸಿಸ್ ಗಯಾ," ಎಂದಳು.

"ಥೀಸಿಸ್ ಈಗ ಶುರು ಆತು," ಎಂದೆ. ಸಮಾಧಾನಕ್ಕೆ ಹೇಳಿದ್ದಲ್ಲ, ಹಾಗೆಂದೇ ನಂಬಿದ್ದೆ.

ಇಬ್ಬರೂ ಇನಾಮದಾರರ ಕೋಣೆಗೆ ಹೋದೆವು. ಅವರು ಗ್ರಾಫನ್ನು ನೋಡಿದರು. ಅವರು ದಡ್ಡರಲ್ಲ, ಒಂದೇ ನೋಟಕ್ಕೆ ಅರ್ಥವಾಯಿತು. ದಡ್ಡರಾಗಿದ್ದರೆ ಅವರ ಮೇಲೆ ನನಗೆ ಇಷ್ಟು ತಾತ್ಸಾರ ಹುಟ್ಟುತ್ತಿರಲಿಲ್ಲ. ಕಾಗದವನ್ನು ಬೋರಲಾಗಿ ಮೇಜಿನ ಮೇಲಿಟ್ಟರು.

"ಪ್ರಬಂಧ ಪ್ರಿಂಟ್ ಆಗೇದ. ಕೇಂದ್ರದ್ದು ಕಮಿಟಿ ಮುಂದ ಅದ. ಈಗ ಇದನ್ನ ಯಾರು ಕೇಳ್ಯಾರ?"

"ಯಾರೂ ಕೇಳಿಲ್ರಿ. ಕೇಳಬೇಕಿತ್ತು," ಎಂದೆ.

"ವಿಮಲಾಬಾಯಿ, ಎಲ್ಲಾರೂ ಹಿಂಗೇ ಮಾಡ್ತಾರ. ನಾವು ಒಬ್ಬರೇ ಹರಿಶ್ಚಂದ್ರ ಆಗಿ ಏನು ಮಾಡೋದದ?" ಆಮೇಲೆ ಸವಿತಾಳ ಕಡೆ ತಿರುಗಿ ಹಿಂದಿಯಲ್ಲಿ, ನಿನ್ನ ಥೀಸಿಸ್‌ನಲ್ಲಿ ಈ ಗ್ರಾಫ್ ಬೇಡ, ಬೇಗ ಬರೆದು ಮುಗಿಸು, ಶಿಫಾರಸು ನಾನು ನೋಡಿಕೊಳ್ಳುತ್ತೇನೆ ಎಂದರು. ಅವಳು ತಲೆಯಾಡಿಸಲಿಲ್ಲ. ಆ ಹುಡುಗಿ ಒಪ್ಪದೆ ತಲೆಯಾಡಿಸುವುದಿಲ್ಲ ಎಂದು ಅವಳ ಗೈಡ್‌ಗೆ ಅಷ್ಟು ವರ್ಷವಾದರೂ ಗೊತ್ತಿರಲಿಲ್ಲ.

ಮುಂದಿನ ವಾರವೇ ಲೇಸರ್ ವೇಳಾಪಟ್ಟಿಯಿಂದ ಸವಿತಾಳ ಹೆಸರು ತೆಗೆಯುವಂತೆ ಅವರಿಂದ ನನಗೆ ಸೂಚನೆ ಬಂತು. ಅಳತೆ ಮುಗಿದಿದೆ, ಈಗ ಬೇರೆಯವರಿಗೆ ಸಮಯ ಕೊಡಿ ಎಂದು. ನಾನು ನಿವೃತ್ತಿಯ ಅಂಚಿನಲ್ಲಿದ್ದೆ. ನಂತರವೂ ಕೆಲಕಾಲ ಸಲಹೆಗಾರಳಾಗಿ ಉಳಿಸಿಕೊಳ್ಳುವ ಮಾತಿತ್ತು, ಅದು ಅವರ ಸಹಿಯ ಮೇಲೆ ನಿಂತಿತ್ತು. ಅದನ್ನೂ ಅವರು ಮರೆಯದೆ ನೆನಪಿಸಿದರು. "ನಿಮ್ಮದು ಎಕ್ಸ್‌ಟೆನ್ಶನ್ ಕಾಗದ ನನ್ನ ಟೇಬಲ್ ಮ್ಯಾಲ ಅದ, ಕಾಳಜಿ ಮಾಡಬ್ಯಾಡ್ರಿ," ಎಂದರು. ಕಾಳಜಿ ಮಾಡಬೇಡಿ ಎಂಬ ಮಾತನ್ನು ಹೀಗೂ ಆಡಬಹುದೆಂದು ಆ ದಿನ ಕಲಿತೆ.

ನಾನು ಹೆಸರು ತೆಗೆಯಲಿಲ್ಲ. ಲೇಸರ್ ಕೋಣೆಯಲ್ಲಿ ಯಾರು ಯಾವಾಗ ಕೆಲಸ ಮಾಡಬೇಕೆಂದು ನಿರ್ಧರಿಸುವ ಅಧಿಕಾರ ಉಸ್ತುವಾರಿಯದು, ಸಂಸ್ಥೆಯ ನಿಯಮ ಹಾಗಿತ್ತು. ಅಷ್ಟು ವರ್ಷ ಆ ನಿಯಮ ನನಗೆ ತಲೆನೋವಾಗಿತ್ತು, ಅದರಿಂದಾದ ಒಂದೇ ಉಪಯೋಗ ಇದು. ಇದನ್ನು ಧೈರ್ಯ ಎಂದು ಕರೆಯಬೇಡಿ. ಇನಾಮದಾರರ ಕೈಕೆಳಗೆ ಇನ್ನಷ್ಟು ಕಾಲ ಕೆಲಸ ಮಾಡುವ ಅವಕಾಶ ತಪ್ಪಿದರೆ ನಷ್ಟ ಎನಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅಪಾಯವಿದ್ದದ್ದು ಸವಿತಾಳಿಗೆ. ಗೈಡ್ ಸಹಿ ಹಾಕದಿದ್ದರೆ ಅವಳ ವರ್ಷಗಳೆಲ್ಲ ವ್ಯರ್ಥ. ಮನೆಯಲ್ಲಿ ತಮ್ಮನ ಓದು ನಡೆಯುತ್ತಿತ್ತು, ತಂದೆಯ ಮೊಣಕಾಲು ಟೈಲ್ಸಿನ ಮೇಲೆ ಕೂತು ಕೂತು ಹೋಗಿತ್ತು. ಏನು ಮಾಡುತ್ತೀ ಎಂದು ನಾನು ಕೇಳಲಿಲ್ಲ, ಅವಳೇ ಹೇಳಿದಳು. "ಸುಳ್ಳು ಬರ್ದು ಡಾಕ್ಟರ್ ಆದ್ರ ಪಪ್ಪಾಗ ಏನಂತ ಹೇಳ್ಲಿ? ಅವರು ಒಂದ್ ಟೈಲ್ ಸೊಟ್ಟ ಇದ್ರ ಪೂರಾ ಸಾಲು ಕಿತ್ತ್ ಹಾಕ್ತಾರ."

ಕೆಲಸ ಹೊಸದಾಗಿ ಆರಂಭವಾಯಿತು. ಚಿನ್ನಕ್ಕೂ ಹಾಳೆಗೂ ನಡುವೆ ತೆಳುವಾದ ಒಂದು ಲೇಪ ಕೊಟ್ಟಳು, ಇಲ್ಲದಿದ್ದರೆ ಚಿನ್ನ ಹಾಳೆಯ ಬೆಳಕನ್ನು ನುಂಗುತ್ತದೆ. ಲೇಸರ್ ಶಕ್ತಿ ಇಳಿಸಿದಳು, ಏಕೆಂದರೆ ಜೋರಾದ ಬೆಳಕಿಗೆ ತ್ರಿಕೋನಗಳ ಮೊನೆ ಕರಗಿ ಉಂಡೆಯಾಗುತ್ತಿತ್ತು. ಹಳೆಯ ಪ್ರಬಂಧದ ಎಷ್ಟೋ ಅಳತೆಗಳನ್ನು ತ್ರಿಕೋನವೆಂದುಕೊಂಡು ಉಂಡೆಗಳ ಮೇಲೆ ಮಾಡಲಾಗಿತ್ತು. ಪ್ರತಿ ಬಾರಿಯೂ ಬರಿ ಚಿನ್ನವನ್ನು ಅಳೆದು, ಗುಡ್ಡವನ್ನು ಕಳೆದು, ಸೂಜಿಯನ್ನು ಮಾತ್ರ ಎಣಿಸಿದಳು. ಉಳಿದದ್ದು ಕೆಲವೇ ಪಟ್ಟು. ಕೈಬೆರಳಿನಲ್ಲಿ ಎಣಿಸಬಹುದಾದಷ್ಟು. ಆದರೆ ಅದು ನಿಜವಾಗಿತ್ತು, ಯಾವ ದಿನ ಅಳೆದರೂ ಅಷ್ಟೇ ಬರುತ್ತಿತ್ತು. ಜೊತೆಗೆ ಯಾರೂ ಕೇಳದ ಒಂದು ವಿಷಯವೂ ಸಿಕ್ಕಿತು. ತ್ರಿಕೋನಗಳ ಮೇಲೆ ಹೊದಿಸಿದ ಹಾಳೆ ಕಂಬದ ಮೇಲಿನ ಶಾಮಿಯಾನದಂತೆ ಜಗ್ಗಿಕೊಳ್ಳುತ್ತದೆ, ಹಾಗೆ ಎಳೆದುಕೊಂಡ ಕಡೆ ಅದರ ಬೆಳಕು ದಿಕ್ಕಿಗೆ ತಕ್ಕಂತೆ ಬೇರೆ ಬೇರೆಯಾಗುತ್ತದೆ. ಬೆಳಕು ನೋಡಿ ಹಾಳೆ ಎಲ್ಲಿ ಎಷ್ಟು ಎಳೆದುಕೊಂಡಿದೆ ಎಂದು ಹೇಳಬಹುದು. ಫೋನ್ ಓಡಿಸುವ ವಿಷಯವಲ್ಲ, ಪೇಪರಿನವರಿಗೆ ಬೇಡ. ನನ್ನ ಇಡೀ ನೌಕರಿಯಲ್ಲಿ ಆ ಕೋಣೆಯಿಂದ ಹೊರಬಂದ ಅತಿ ಒಳ್ಳೆಯ ಕೆಲಸ ಅದೇ.

ಇದನ್ನು ಬೇರೆ ಪ್ರಬಂಧವಾಗಿ ಬರೆದು ಇನಾಮದಾರರಿಗೆ ಕೊಟ್ಟಳು. ನೋಡುತ್ತೇನೆ ಎಂದರು. ಅದು ಅವರ ಮೇಜಿನಿಂದ ಮೇಲೇಳಲೇ ಇಲ್ಲ. ಥೀಸಿಸ್‌ಗೆ ಮಾತ್ರ ಸಹಿ ಹಾಕಬೇಕಾಯಿತು. ಸಂಸ್ಥೆಯ ಒಳಗಿನ ಪರಿಶೀಲನಾ ಸಮಿತಿಯವರು ಓದಿ ಒಪ್ಪಿದ್ದರು, ತಡೆಯಬೇಕಿದ್ದರೆ ಅವರ ಮುಂದೆ ಕಾರಣ ಕೊಡಬೇಕಿತ್ತು. ಕಾರಣ ಏನೆಂದು ಬರೆಯುವುದು?

ಮೌಖಿಕ ಪರೀಕ್ಷೆಗೆ ಕೋಲ್ಕತ್ತದಿಂದ ವಯಸ್ಸಾದ ಪರೀಕ್ಷಕರೊಬ್ಬರು ಬಂದರು. ಮೆದು ದನಿಯ ಮನುಷ್ಯ, ಥೀಸಿಸ್ಸನ್ನು ನಿಜವಾಗಿ ಓದಿಕೊಂಡು ಬಂದಿದ್ದರು, ಇದು ಅಪರೂಪ. ಕೊನೆಯ ಸಾಲಿನಲ್ಲಿ ಸವಿತಾಳ ತಂದೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕೂತಿದ್ದರು. ಮಾತೆಲ್ಲ ಇಂಗ್ಲಿಷಿನಲ್ಲಿ.

ಪರೀಕ್ಷಕರು ಕೇಳಿದರು, ನಿಮ್ಮ ಪ್ರಕಟಿತ ಪ್ರಬಂಧ ಸಾವಿರ ಪಟ್ಟು ಎನ್ನುತ್ತದೆ, ಥೀಸಿಸ್ ಕೆಲವೇ ಪಟ್ಟು ಎನ್ನುತ್ತದೆ, ಯಾವುದು ಸರಿ?

ಇನಾಮದಾರರು ಅವಳನ್ನೇ ನೋಡುತ್ತಿದ್ದರು. ಸನ್ನಿವೇಶ ಬೇರೆ, ಮಾದರಿ ಬೇರೆ ಎಂದು ಏನಾದರೂ ಹೇಳಿ ದಾಟಿಕೊಳ್ಳಲು ಜಾಗವಿತ್ತು.

"ಥೀಸಿಸ್ ಸರಿ ಸರ್. ಪ್ರಬಂಧ ತಪ್ಪು," ಎಂದಳು.

"ಅದರಲ್ಲೂ ನಿಮ್ಮ ಹೆಸರಿದೆ."

"ಅಳತೆ ನಾನೇ ಮಾಡಿದ್ದು ಸರ್. ಅಳತೆ ತಪ್ಪಿರಲಿಲ್ಲ. ಅದು ಚಿನ್ನದ ಬೆಳಕು, ನಾವು ಅದಕ್ಕೆ ಹಾಳೆಯ ಬೆಳಕು ಅಂತ ಹೆಸರು ಕೊಟ್ಟೆವು."

ಪರೀಕ್ಷಕರು ಇನಾಮದಾರರ ಕಡೆ ತಿರುಗಿದರು. ಇನಾಮದಾರರು ಗಂಟಲು ಸರಿಮಾಡಿಕೊಂಡು, "ಈ ಪರಿಶೀಲನೆ ಮಾಡಲು ನಾನೇ ಸೂಚಿಸಿದ್ದೆ," ಎಂದರು. ಪರೀಕ್ಷಕರು ಕನ್ನಡಕ ತೆಗೆದು, ನಿಧಾನವಾಗಿ ಒರೆಸಿ, ಮತ್ತೆ ಹಾಕಿಕೊಂಡು ಪದವಿಗೆ ಶಿಫಾರಸು ಮಾಡಿದರು.

ಹೊರಗೆ ಸವಿತಾಳ ತಂದೆ ನನ್ನ ಹತ್ತಿರ ಬಂದರು.

"ಮಗಳು ಪಾಸಾದಳೇನ್ರಿ?"

"ಆದಳ್ರಿ."

"ಮತ್ತ ಆ ಸಾಹೇಬ್ರು ಯಾಕ ಮಾರಿ ಸಣ್ಣದ ಮಾಡ್ಯಾರ?"

"ಅವರು ಫೇಲಾದರು," ಎಂದೆ. ಅವರು ನಾನು ತಮಾಷೆ ಮಾಡುತ್ತಿದ್ದೇನೆಂದು ತಿಳಿದು ನಕ್ಕರು.

ಆದರೆ ಫೇಲಾಗುವುದು ಎಂದರೆ ಇನಾಮದಾರರಂಥವರಿಗೆ ಏನೂ ಅಲ್ಲ. ಕೇಂದ್ರ ಮಂಜೂರಾಯಿತು, ಅವರು ನಿರ್ದೇಶಕರಾದರು. ನನ್ನ ಎಕ್ಸ್‌ಟೆನ್ಶನ್ ಆಗಲಿಲ್ಲ, ಶಾಲು ಹೊದಿಸಿ ಕಳಿಸಿದರು. ಶಾಲಿನ ಜೊತೆ ಭಾಷಣ. ಪ್ರಯೋಗದಲ್ಲಿ ಅನುಮಾನ ಪಡುವುದನ್ನು ವಿಮಲಾಬಾಯಿಯವರಿಂದ ಕಲಿತೆವು ಎಂದು ಇನಾಮದಾರರೇ ಹೇಳಿದರು. ಆ ನಂತರ ಅವರು ಊರೂರಿಗೆ ಹೋಗಿ, ಚಿನ್ನದ ಮಿನುಗನ್ನು ಹಾಳೆಯ ಬೆಳಕೆಂದು ತಪ್ಪು ತಿಳಿಯುವ ಬಗೆ ಎಂಬ ವಿಷಯದ ಮೇಲೆ ಉಪನ್ಯಾಸ ಕೊಡತೊಡಗಿದರು. ಉದಾಹರಣೆಗೆ ಬೇರೆಯವರ ಪ್ರಬಂಧಗಳನ್ನು ಬಳಸುತ್ತಿದ್ದರು. ಅವರದು ಮಾತ್ರ ಪತ್ರಿಕೆಯಲ್ಲಿ ಹಾಗೇ ಇತ್ತು, ಜನ ಅದನ್ನು ಓದಿ ತಮ್ಮ ಪ್ರಬಂಧಗಳಲ್ಲಿ ಹೆಸರಿಸುತ್ತಲೇ ಇದ್ದರು. ಸವಿತಾಳ ಥೀಸಿಸ್ ಲೈಬ್ರರಿಯಲ್ಲಿತ್ತು. ಅವಳು ಒಂದು ಕಾಲೇಜಿನಲ್ಲಿ ಪಾಠ ಹೇಳಲು ಸೇರಿದಳು.

ನಾನೂ ಆ ವಿಷಯ ಬಿಟ್ಟುಬಿಟ್ಟಿದ್ದೆ. ಹೀಗಿರುವಾಗ ಪುಣೆಯಿಂದ ಒಬ್ಬ ಸಂಶೋಧಕನ ಫೋನ್ ಬಂತು. ಹೆಸರು ನಿಖಿಲ್, ಮದುವೆಯಾಗಿ ಪುಟ್ಟ ಮಗಳಿರುವವನು. ಇನಾಮದಾರರ ಪ್ರಬಂಧದ ಕೊನೆಯ ಕೃತಜ್ಞತೆಯ ಸಾಲಿನಲ್ಲಿ ನನ್ನ ಹೆಸರು ನೋಡಿ ಹುಡುಕಿಕೊಂಡಿದ್ದ. ಬಂದು ಭೇಟಿಯಾಗಬಹುದೇ ಎಂದ. ಭಾನುವಾರ ದಹಿಸರ್‌ನ ನಮ್ಮ ಮನೆಗೆ ಬಂದು ಸೋಫಾದ ತುದಿಯಲ್ಲಿ ಕೂತ. ಕೊಟ್ಟ ಚಹಾ ತಣ್ಣಗಾಯಿತು.

ಅವನ ಥೀಸಿಸ್ಸಿನ ಮೊದಲ ಹೆಜ್ಜೆ ಇನಾಮದಾರರ ಸಾವಿರ ಪಟ್ಟನ್ನು ಮತ್ತೆ ಮಾಡಿ ತೋರಿಸುವುದು. ವರ್ಷಗಳಿಂದ ಮಾಡುತ್ತಿದ್ದ. ಅವನ ಯಂತ್ರ ಒಳ್ಳೆಯದು, ಬಣ್ಣ ಬಿಡಿಸಿ ಅಳೆಯುತ್ತಿದ್ದ, ಆದ್ದರಿಂದ ಅವನಿಗೆ ಕೆಲವೇ ಪಟ್ಟು ಬರುತ್ತಿತ್ತು. ಅವನ ಗೈಡ್, ಮುಂಬೈಯಲ್ಲಿ ಆಗಿದ್ದು ನಿನ್ನ ಕೈಯಲ್ಲಿ ಯಾಕೆ ಆಗುವುದಿಲ್ಲ ಎಂದು ಎಲ್ಲರೆದುರು ಕೇಳುತ್ತಿದ್ದರಂತೆ. ಇವನು ಸಂಶೋಧನೆ ಬಿಡಲು ಮನಸ್ಸು ಮಾಡಿ ಶಾಲೆಯೊಂದರಲ್ಲಿ ಮೇಷ್ಟರ ಕೆಲಸಕ್ಕೆ ಅರ್ಜಿ ಹಾಕಿದ್ದ.

"ನನ್ನ ಕೈಯೇ ಸರಿಯಿಲ್ಲ ಅನ್ಸುತ್ತೆ ಮ್ಯಾಡಮ್," ಎಂದ ಹಿಂದಿಯಲ್ಲಿ. "ಬಿಡೋದಕ್ಕೆ ಮೊದಲು, ನಾನು ಎಲ್ಲಿ ತಪ್ಪು ಮಾಡ್ತಿದ್ದೀನಿ ಅಂತ ಒಂದ್ಸಲ ಕೇಳೋಣ ಅಂತ ಬಂದೆ."

ಆಗ ನನಗೆ ಬಂದ ಸಿಟ್ಟು ಪಾಯಿಂಟರ್ ನೋಡಿದಾಗ ಬಂದಿರಲಿಲ್ಲ, ಎಕ್ಸ್‌ಟೆನ್ಶನ್ ಹೋದಾಗಲೂ ಬಂದಿರಲಿಲ್ಲ. ಇಂಥ ಸುಳ್ಳಿನಿಂದ ಯಾರಿಗೆ ಏನು ನಷ್ಟ ಎಂದು ಕೇಳುವವರಿದ್ದಾರೆ. ನಷ್ಟ ನಮ್ಮ ಸೋಫಾದ ಮೇಲೆ ಕೂತಿತ್ತು. ಪರೇಲಿಗೆ ಫೋನ್ ಮಾಡಿದೆ, ಸವಿತಾ ಊಟ ಬಿಟ್ಟು ಲ್ಯಾಪ್‌ಟಾಪ್ ಹಿಡಿದು ಬಂದಳು. ಅವನ ಮುಂದೆ ಬರಿ ಚಿನ್ನದ ಗುಡ್ಡವನ್ನೂ ಅದರ ಬದಿಯ ಸೂಜಿಯನ್ನೂ ತೆರೆದಿಟ್ಟಳು. ನಿಖಿಲ್ ಬಹಳ ಹೊತ್ತು ನೋಡಿದ. ತನ್ನ ಫೋನ್ ತೆಗೆದು ತನ್ನದೇ ಗ್ರಾಫನ್ನು ಪಕ್ಕದಲ್ಲಿಟ್ಟ. ಎರಡೂ ಒಂದೇ. ಅವನು ಎದ್ದು ಬಾಲ್ಕನಿಗೆ ಹೋಗಿ ನಿಂತ. ನಾವು ಕರೆಯಲಿಲ್ಲ. ಒಳಗೆ ಬಂದ ಮೇಲೆ, "ಇದು ಎಲ್ಲಿ ಪ್ರಕಟವಾಗಿದೆ?" ಎಂದು ಕೇಳಿದ.

"ಥೀಸಿಸ್‌ನಲ್ಲಿ," ಎಂದಳು ಸವಿತಾ.

"ಅದನ್ನು ಯಾರು ಓದುತ್ತಾರೆ?"

ಆ ವಾರವೇ ಸವಿತಾ ಆ ಹಳೆಯ ಪ್ರಬಂಧದ ಲೇಖಕಿಯಾಗಿ ತನ್ನ ಹೆಸರಿನಲ್ಲಿ ಪತ್ರಿಕೆಗೆ ಬರೆದಳು. ಬೆಳಕು ಹಾಳೆಯದಲ್ಲ, ಬೇರೆ ಪ್ರಯೋಗಾಲಯದಲ್ಲೂ ಸಾವಿರ ಪಟ್ಟು ಸಿಕ್ಕಿಲ್ಲ ಎಂದು ಗ್ರಾಫ್ ಸಮೇತ. ನಿಖಿಲನ ಹೆಸರು ಎಲ್ಲೂ ಹಾಕಲಿಲ್ಲ, ಅವನಿಗಿನ್ನೂ ಪದವಿ ಆಗಬೇಕು. ಪತ್ರಿಕೆಯವರು ತಿಂಗಳುಗಟ್ಟಲೆ ಎಳೆದಾಡಿದರು, ಇನಾಮದಾರರು ಒಪ್ಪಲಿಲ್ಲ, ಕೊನೆಗೆ ಪ್ರಬಂಧದ ತಲೆಯ ಮೇಲೆ ಈ ಫಲಿತಾಂಶವನ್ನು ನಂಬುವಂತಿಲ್ಲ ಎಂಬ ಸಂಪಾದಕರ ಟಿಪ್ಪಣಿ ಬಂತು. ಈಗ ಯಾರು ತೆರೆದರೂ ಮೊದಲು ಕಾಣುವುದು ಅದೇ. ನಿಖಿಲ್ ಆ ಪುಟವನ್ನು ತನ್ನ ಗೈಡ್‌ನ ಮೇಜಿನ ಮೇಲಿಟ್ಟು, ಶಾಲೆಯ ಅರ್ಜಿಯನ್ನು ಹಿಂತೆಗೆದುಕೊಂಡ.

ಕೆಲವು ದಿನಗಳ ಮೇಲೆ ಇನಾಮದಾರರ ಫೋನ್ ಬಂತು.

"ವಿಮಲಾಬಾಯಿ, ರಿಟೈರ್ ಆದಿರ್ರಿ. ಇನ್ನರೆ ಸುಮ್ಮನಿರಬಾರದ?"

"ಈಗ ಸುಮ್ಮನಿರೋ ಕಾರಣಾನೇ ಉಳಿದಿಲ್ರಿ."

"ಇಷ್ಟು ವರ್ಷದ ಹೆಸರು ನಂದು. ಬರಿಯೋಕಿಂತ ಮೊದಲ ನನ್ನ ಒಂದ ಮಾತು ಕೇಳಬೇಕಿತ್ತು."

"ಕೇಳಿದ್ವಿ. ನಿಮ್ಮ ಖೋಲಿಗೇ ಬಂದಿದ್ವಿ."

ಅವರು ದನಿ ಬದಲಿಸಿ, ತೀರ ಸಹಜವಾಗಿ ಕೇಳಿದರು. "ಆ ಬ್ಯಾರೆ ಪ್ರಯೋಗಾಲಯದ ಹುಡುಗ ಯಾರು? ಯಾರ ಕೈಕೆಳಗ ಇದ್ದಾನ?"

"ಯಾರ ಕೈಕೆಳಗ ಇದ್ದರ ಏನ್ರಿ," ಎಂದೆ. "ಅವನ ಕೈ ಸರಿ ಅದ." ಹಾಗೆಂದು ಫೋನ್ ಇಟ್ಟೆ.